ಹದಿನೈದು ಸೆಂಟಿನ ಸುವರ್ಣಯುಗ: 1955ರ ಅಮೆರಿಕದ ಸುತ್ತ ನಡೆದಿರುವ ವಾದ

ಅಮೆರಿಕದ ಉಡುಗೊರೆ ಅಂಗಡಿಗಳಲ್ಲಿ ಹುಟ್ಟುಹಬ್ಬಕ್ಕೆಂದೇ ಒಂದು ಬಗೆಯ ಕಾರ್ಡು ಸಿಗುತ್ತದೆ. ಹುಟ್ಟಿದ ವರ್ಷ ನೋಡಿ ಕೊಂಡರೆ, ಆ ವರ್ಷ ಪೆಟ್ರೋಲಿಗೆ ಎಷ್ಟಿತ್ತು, ಅಂಚೆಚೀಟಿಗೆ ಎಷ್ಟಿತ್ತು, ಯಾವ ಹಾಡು ಮೊದಲ ಸ್ಥಾನದಲ್ಲಿತ್ತು, ಪತ್ರಿಕೆಯ ಮುಖಪುಟದಲ್ಲಿ ಏನಿತ್ತು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. 1955ರ ಪಟ್ಟಿ ಓದಿದವರಿಗೆ ಹೊಟ್ಟೆಕಿಚ್ಚಾಗುವುದು ಸಹಜ. ಒಂದು ಗ್ಯಾಲನ್ ಪೆಟ್ರೋಲ್ 29 ಸೆಂಟು. ಕಾಗದ ಕಳಿಸಲು 3 ಸೆಂಟಿನ ಚೀಟಿ. ಪುಟ್ಟ ಬಾಟಲಿಯ ಕೋಕಾ ಕೋಲಾ 5 ಸೆಂಟು. ಆ ವರ್ಷದ ಏಪ್ರಿಲ್ 15ರಂದು ಇಲಿನಾಯ್ಸ್‌ನ ಡೆ ಪ್ಲೇನ್ಸ್ ಊರಿನಲ್ಲಿ ರೇ ಕ್ರಾಕ್ ತೆರೆದ ಮೆಕ್‌ಡೊನಾಲ್ಡ್ಸ್ ಅಂಗಡಿಯಲ್ಲಿ ಹ್ಯಾಂಬರ್ಗರಿಗೆ 15 ಸೆಂಟು. ಜುಲೈನಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡಿನೊಳಗೆ ಹೋಗಲು ದೊಡ್ಡವರಿಗೆ 1 ಡಾಲರ್.

ಈ ಪಟ್ಟಿಯ ಹಿಂದೆ ಒಂದು ಕಥೆ ಅಡಗಿದೆ: ಒಬ್ಬನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಸ್ವಂತ ಮನೆಯಿತ್ತು, ಕಾರಿತ್ತು, ಬೀಗ ಹಾಕದೆ ಮಲಗಬಹುದಿತ್ತು, ದೇಶ ಒಂದೇ ಟಿವಿ ಕಾರ್ಯಕ್ರಮ ನೋಡಿ ಒಟ್ಟಿಗೆ ನಗುತ್ತಿತ್ತು. ಅಮೆರಿಕದ ಚುನಾವಣೆಗಳಲ್ಲಿ ಈ ಕಥೆ ಇಂದಿಗೂ ಓಟು ತರುತ್ತದೆ. ಅದು ನಿಜವೇ, ನಿಜವಾದರೆ ಯಾರ ಪಾಲಿಗೆ, ಅದು ಬಂದದ್ದು ಹೇಗೆ ಎಂಬ ಮೂರು ಪ್ರಶ್ನೆಗಳ ಸುತ್ತ ಎಪ್ಪತ್ತು ವರ್ಷಗಳಿಂದ ಸಮಾಜಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು, ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ.

ಬೆಲೆಪಟ್ಟಿಯನ್ನು ಓದುವ ಬಗೆ

ಮೊದಲು ಲೆಕ್ಕ. 1955ರಿಂದ ಇಲ್ಲಿಯವರೆಗೆ ಅಮೆರಿಕದಲ್ಲಿ ಗ್ರಾಹಕ ಬೆಲೆಗಳು ಸುಮಾರು ಹನ್ನೆರಡು ಪಟ್ಟು ಏರಿವೆ. ಅಂದಿನ 29 ಸೆಂಟಿನ ಪೆಟ್ರೋಲ್ ಇಂದಿನ ಮೂರೂವರೆ ಡಾಲರಿಗೆ ಸಮ. ಅಂದರೆ ಈಗಿನ ಬೆಲೆಗೂ ಅದಕ್ಕೂ ದೊಡ್ಡ ಅಂತರವಿಲ್ಲ. ಆಗ ಡಾಲರಿಗೆ 4.76 ರೂಪಾಯಿಯ ದರವಿದ್ದುದರಿಂದ, ಕ್ರಾಕ್‌ನ ಹ್ಯಾಂಬರ್ಗರಿಗೆ ನಮ್ಮ ಲೆಕ್ಕದಲ್ಲಿ ಹನ್ನೊಂದು ಆಣೆಗಿಂತ ಸ್ವಲ್ಪ ಹೆಚ್ಚೇ ಆಗುತ್ತಿತ್ತು.

ಬೆಲೆಗಿಂತ ಅದನ್ನು ತೆರಲು ದುಡಿಯಬೇಕಾದ ಹೊತ್ತು ಹೆಚ್ಚು ನಂಬಬಹುದಾದ ಅಳತೆ. ಕಾರ್ಖಾನೆಯ ಕೆಲಸಗಾರನಿಗೆ ಗಂಟೆಗೆ ಸರಾಸರಿ 1.85 ಡಾಲರಿನಷ್ಟು ಕೂಲಿ ಬರುತ್ತಿತ್ತು. ಹ್ಯಾಂಬರ್ಗರಿಗೆ ಐದು ನಿಮಿಷ ದುಡಿದರೆ ಸಾಕು. ಆದರೆ 200 ಡಾಲರಿನ ಕಪ್ಪು-ಬಿಳುಪು ಟಿವಿಗೆ ನೂರು ಗಂಟೆಗೂ ಹೆಚ್ಚು, ಅಂದರೆ ಹತ್ತಿರ ಹತ್ತಿರ ಮೂರು ವಾರದ ಕೂಲಿ ಬೇಕು. ಕುಟುಂಬದ ಆದಾಯದಲ್ಲಿ ಐದನೇ ಒಂದು ಭಾಗ ಊಟಕ್ಕೇ ಹೋಗುತ್ತಿತ್ತು. ಈಗ ಹೋಗುವುದು ಅದರ ಅರ್ಧದಷ್ಟು. ಅರ್ಧ ಕುಟುಂಬಗಳ ವಾರ್ಷಿಕ ಆದಾಯ 4,400 ಡಾಲರಿಗಿಂತ ಕಡಿಮೆಯಿತ್ತು. ಕನಿಷ್ಠ ಕೂಲಿ ಗಂಟೆಗೆ 75 ಸೆಂಟು ಇದ್ದದ್ದು 1956ರ ಮಾರ್ಚಿನಲ್ಲಿ 1 ಡಾಲರ್ ಆಯಿತು. ಹೊಲದ ಕೂಲಿಗಳಿಗೂ ಮನೆಗೆಲಸದವರಿಗೂ ಆ ಕಾನೂನು ಅನ್ವಯಿಸುತ್ತಲೇ ಇರಲಿಲ್ಲ.

ಹಾಗೆಂದು ಹಿಂದಿನದನ್ನು ನೆನೆದು ನಿಟ್ಟುಸಿರಿಡುವವರು ತಪ್ಪು ಲೆಕ್ಕ ಹಾಕುತ್ತಿದ್ದಾರೆ ಎಂದು ತಳ್ಳಿಹಾಕುವಂತಿಲ್ಲ. ಬಟ್ಟೆ, ಟಿವಿ, ಊಟ ಅಂದಿಗಿಂತ ಅಗ್ಗವಾಗಿವೆ. ಮನೆ, ಕಾಲೇಜು, ಆಸ್ಪತ್ರೆ ದುಬಾರಿಯಾಗಿವೆ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ವಿಲಿಯಂ ಲೆವಿಟ್ ಕಟ್ಟಿಸಿದ ಲೆವಿಟ್‌ಟೌನಿನಲ್ಲಿ 1949ರಲ್ಲಿ ಒಂದು ಮನೆಗೆ 7,990 ಡಾಲರ್. ಯುದ್ಧದಿಂದ ಮರಳಿದ ಸೈನಿಕ ಮುಂಗಡವಿಲ್ಲದೆ ಅದನ್ನು ಕೊಳ್ಳಬಹುದಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆ ರಾಜ್ಯದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ. ಬದುಕನ್ನು ಕಟ್ಟಿಕೊಳ್ಳಲು ಬೇಕಾದ ದೊಡ್ಡ ಬಾಬತ್ತುಗಳು ಕೈಗೆಟುಕುತ್ತಿದ್ದವು ಎಂಬ ನೆನಪಿಗೆ ಆಧಾರವಿದೆ. 1952ರಿಂದ 1955ರವರೆಗೆ ಬೆಲೆಗಳು ಹೆಚ್ಚುಕಡಿಮೆ ಅಲುಗಾಡಲೂ ಇಲ್ಲ. ಬರುವ ವರ್ಷದ ಖರ್ಚನ್ನು ಈ ವರ್ಷವೇ ಲೆಕ್ಕ ಹಾಕಿಡಬಹುದಾಗಿದ್ದ ಆ ನೆಮ್ಮದಿ ಯಾವ ಅಂಕಿಅಂಶದಲ್ಲೂ ಸರಿಯಾಗಿ ಕಾಣಿಸುವುದಿಲ್ಲ.

ಆದರೆ ಲೆವಿಟ್‌ಟೌನಿನ ಆ ಮನೆಯ ವಿಸ್ತೀರ್ಣ ಸುಮಾರು 800 ಚದರಡಿ, ಅಟ್ಟ ಅರ್ಧಂಬರ್ಧ ಕಟ್ಟಿದ್ದು, ಹವಾನಿಯಂತ್ರಣವಿಲ್ಲ. 1950ರ ಗಣತಿಯ ಪ್ರಕಾರ ದೇಶದ ಮೂರನೇ ಒಂದು ಭಾಗದಷ್ಟು ಮನೆಗಳಲ್ಲಿ ನಲ್ಲಿ, ಬಚ್ಚಲು, ಶೌಚಾಲಯ ಮೂರೂ ಒಟ್ಟಿಗೆ ಇರಲಿಲ್ಲ. ಅಂದಿನ ಸಾಧಾರಣ ಮನೆಯನ್ನೂ ಇಂದಿನ ಸಾಧಾರಣ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂಬುದರಲ್ಲೇ ಅರ್ಥಶಾಸ್ತ್ರಜ್ಞರಿಗೆ ಒಮ್ಮತವಿಲ್ಲ.

ಆ ಕಾಲದವರೇ ಎತ್ತಿದ ತಕರಾರು

ಐವತ್ತರ ದಶಕವನ್ನು ಟೀಕಿಸಿದವರು ಅರವತ್ತರ ಬಂಡುಕೋರರು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಆ ದಶಕ ನಡೆಯುತ್ತಿದ್ದಾಗಲೇ ಟೀಕೆ ಶುರುವಾಗಿತ್ತು, ಟೀಕಿಸಿದ ಪುಸ್ತಕಗಳು ಬಿಸಿಬಿಸಿಯಾಗಿ ಖರ್ಚೂ ಆಗುತ್ತಿದ್ದವು. ಡೇವಿಡ್ ರೀಸ್‌ಮನ್ ಸಂಗಡಿಗರೊಂದಿಗೆ ಬರೆದ ‘ದ ಲೋನ್ಲಿ ಕ್ರೌಡ್’ 1950ರಲ್ಲಿ ಬಂತು. ತನ್ನೊಳಗಿನ ದಿಕ್ಕು ನೋಡಿ ನಡೆಯುತ್ತಿದ್ದ ಮನುಷ್ಯನ ಜಾಗಕ್ಕೆ ಅಕ್ಕಪಕ್ಕದವರ ಮುಖ ನೋಡಿ ನಡೆಯುವ ಮನುಷ್ಯ ಬಂದಿದ್ದಾನೆ ಎಂಬುದು ಅದರ ಸಾರ. 1955ರಲ್ಲಿ ಸ್ಲೋನ್ ವಿಲ್ಸನ್ ಬರೆದ ಕಾದಂಬರಿ ‘ದ ಮ್ಯಾನ್ ಇನ್ ದ ಗ್ರೇ ಫ್ಲಾನೆಲ್ ಸೂಟ್’ ಅದೇ ಮನುಷ್ಯನಿಗೆ ಒಂದು ಉಡುಪು ತೊಡಿಸಿತು. ಮರುವರ್ಷ ವಿಲಿಯಂ ವೈಟ್ ‘ದ ಆರ್ಗನೈಸೇಷನ್ ಮ್ಯಾನ್’ ಬರೆದು, ಷಿಕಾಗೊ ಬಳಿಯ ಪಾರ್ಕ್ ಫಾರೆಸ್ಟ್ ಬಡಾವಣೆಯ ಬದುಕನ್ನು ಬಿಡಿಬಿಡಿಯಾಗಿ ತೋರಿಸಿದ. ಯಾರ ಮನೆಯಲ್ಲಿ ಬೆಳಗಿನ ಕಾಫಿಗೆ ಯಾರು ಸೇರುತ್ತಾರೆ ಎಂಬುದನ್ನು ಮನೆಗಳ ಮುಂದಿನ ದಾರಿ ಯಾವ ಕಡೆ ತಿರುಗಿದೆ ಎಂಬುದೇ ನಿರ್ಧರಿಸುತ್ತದೆ ಎಂದು ಆತ ಗುರುತಿಸಿದ. ಸಿ. ರೈಟ್ ಮಿಲ್ಸ್ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳಿದ. ವ್ಯಾನ್ಸ್ ಪ್ಯಾಕರ್ಡ್ ಜಾಹೀರಾತು ಮನಸ್ಸಿನೊಳಗೆ ಹೇಗೆ ನುಸುಳುತ್ತದೆ ಎಂದು ಬರೆದ. ಜಾನ್ ಕೆನೆತ್ ಗಾಲ್‌ಬ್ರೇತ್ 1958ರಲ್ಲಿ, ಮನೆಯೊಳಗೆ ಸಿರಿ ತುಂಬುತ್ತಿರುವಾಗ ಶಾಲೆ, ಉದ್ಯಾನ, ಬೀದಿಗಳು ಸೊರಗುತ್ತಿವೆ ಎಂದು ತೋರಿಸಿದ.

ಇವರ ಎದುರಿಗೆ ಇನ್ನೊಂದು ಬಣವಿತ್ತು. ಅಮೆರಿಕದಲ್ಲಿ ವರ್ಗಸಂಘರ್ಷಕ್ಕೆ ಬೇರಿಲ್ಲ, ಎಲ್ಲರೂ ಮೂಲದಲ್ಲಿ ಒಪ್ಪುತ್ತಾರೆ ಎಂಬುದು ಅವರ ನಿಲುವು. ಸಮೃದ್ಧಿಯೇ ಅಮೆರಿಕನ್ನರ ಸ್ವಭಾವವನ್ನು ರೂಪಿಸಿದೆ ಎಂದ ಡೇವಿಡ್ ಪಾಟರ್ (1954), ಉದಾರವಾದವೊಂದೇ ಈ ದೇಶದ ಪರಂಪರೆ ಎಂದ ಲೂಯಿ ಹಾರ್ಟ್ಸ್ (1955) ಇದರಲ್ಲಿ ಮುಖ್ಯರು. ಎರಡೂ ಬಣಗಳು ಒಂದು ವಿಷಯದಲ್ಲಿ ಒಂದೇ ಆಗಿದ್ದವು ಎಂಬುದು ಇಂದು ಓದುವಾಗ ಎದ್ದು ಕಾಣುತ್ತದೆ: ಇಬ್ಬರಿಗೂ ಅಮೆರಿಕನ್ ಎಂದರೆ ಬಿಳಿಯ, ಮಧ್ಯಮವರ್ಗದ ಗಂಡಸು. 1962ರಲ್ಲಿ ಮೈಕೆಲ್ ಹ್ಯಾರಿಂಗ್ಟನ್ ‘ದಿ ಅದರ್ ಅಮೆರಿಕ’ ಬರೆದು ನಾಲ್ಕೈದು ಕೋಟಿ ಬಡವರಿದ್ದಾರೆ ಎಂದಾಗ ಓದುಗರು ಬೆಚ್ಚಿಬಿದ್ದರು. ಸರ್ಕಾರದ ಬಡತನದ ಲೆಕ್ಕ ಸಿಗುವುದು 1959ರಿಂದ. ಆ ವರ್ಷ ಜನಸಂಖ್ಯೆಯ 22 ಶೇಕಡಕ್ಕೂ ಹೆಚ್ಚು ಮಂದಿ, ಕಪ್ಪು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಡವರು.

ಬಡಾವಣೆಯ ಜನ ಒಬ್ಬರನ್ನೊಬ್ಬರು ನಕಲು ಮಾಡುವವರು ಎಂಬ ಟೀಕೆ ಎಷ್ಟು ನಿಜ? ಹರ್ಬರ್ಟ್ ಗ್ಯಾನ್ಸ್ ನ್ಯೂಜೆರ್ಸಿಯ ಲೆವಿಟ್‌ಟೌನಿನಲ್ಲಿ ಸ್ವತಃ ಮನೆ ಮಾಡಿ ವಾಸಿಸಿ 1967ರಲ್ಲಿ ಬರೆದ ಪುಸ್ತಕದ ಪ್ರಕಾರ, ಅಲ್ಲಿನವರು ಪಂಡಿತರು ಚಿತ್ರಿಸಿದಷ್ಟು ಒಂದೇ ಅಚ್ಚಿನವರಾಗಿರಲಿಲ್ಲ. 2000ದಲ್ಲಿ ರಾಬರ್ಟ್ ಪುಟ್ನಮ್ ಬಂದು ಇಡೀ ಚಿತ್ರವನ್ನೇ ತಿರುಗಿಸಿಟ್ಟ. ಪೋಷಕ-ಶಿಕ್ಷಕ ಸಂಘ, ಬೌಲಿಂಗ್ ತಂಡ, ಚರ್ಚಿನ ಸಮಿತಿಗಳು ಆ ಕಾಲದಲ್ಲಿ ತುಂಬಿ ತುಳುಕುತ್ತಿದ್ದವು. ಅವು ಬರಿದಾದದ್ದೇ ಅಮೆರಿಕದ ನಷ್ಟ ಎಂದ. ವೈಟ್ ಯಾವ ಕಾಫಿ ಕೂಟದಲ್ಲಿ ವ್ಯಕ್ತಿಯ ಸೋಲು ಕಂಡನೋ ಅಂಥದೇ ಕೂಟದಲ್ಲಿ ಪುಟ್ನಮ್ ಸಮಾಜದ ಬಂಡವಾಳ ಕಂಡ. ಇಬ್ಬರ ಮುಂದಿದ್ದ ಬದುಕು ಒಂದೇ, ಅವರವರ ಕಾಲದ ಕೊರತೆ ಬೇರೆ.

ಸಮೃದ್ಧಿ ಬಂದದ್ದೆಲ್ಲಿಂದ

1955ರಲ್ಲಿ ಜನರಲ್ ಮೋಟಾರ್ಸ್ ಒಂದೇ ವರ್ಷದಲ್ಲಿ 100 ಕೋಟಿ ಡಾಲರಿಗೂ ಮೀರಿ ಲಾಭ ಗಳಿಸಿದ ಮೊದಲ ಅಮೆರಿಕನ್ ಕಂಪನಿಯಾಯಿತು. ಅದೇ ವರ್ಷ ಫೋರ್ಡ್ ಕಂಪನಿ, ಕೆಲಸ ನಿಂತಾಗಲೂ ಕಾರ್ಮಿಕನಿಗೆ ಒಂದಿಷ್ಟು ಹಣ ಕೊಡುವುದಾಗಿ ವಾಹನ ಕಾರ್ಮಿಕರ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿತು. ಡಿಸೆಂಬರಿನಲ್ಲಿ ಎರಡು ದೊಡ್ಡ ಕಾರ್ಮಿಕ ಒಕ್ಕೂಟಗಳು ಸೇರಿ ಎಎಫ್‌ಎಲ್-ಸಿಐಒ ಆಯಿತು. ಕೃಷಿಯೇತರ ಕೆಲಸಗಾರರಲ್ಲಿ ಸುಮಾರು ಮೂವರಲ್ಲಿ ಒಬ್ಬ ಸಂಘದ ಸದಸ್ಯ. ಲಾಭ ಮತ್ತು ಕೂಲಿ ಎರಡೂ ಒಟ್ಟಿಗೆ ಏರಿದ ಈ ಹೊಂದಾಣಿಕೆಗೆ ಕಾರಣವೇನು ಎಂಬುದೇ ಅರ್ಥಶಾಸ್ತ್ರದ ದೊಡ್ಡ ಚರ್ಚೆ.

ಕ್ಲಾಡಿಯಾ ಗೋಲ್ಡಿನ್ ಮತ್ತು ರಾಬರ್ಟ್ ಮಾರ್ಗೊ 1992ರಲ್ಲಿ, ನಲವತ್ತರ ದಶಕದಲ್ಲಿ ಕೂಲಿಯ ಅಂತರ ಹಠಾತ್ತನೆ ಕುಗ್ಗಿತು ಎಂದು ತೋರಿಸಿ ಅದನ್ನು ‘ಮಹಾ ಸಂಕೋಚನ’ ಎಂದು ಕರೆದರು. ಯುದ್ಧಕಾಲದ ಕೂಲಿ ಮಂಡಳಿ, ಕುಶಲವಲ್ಲದ ಕೆಲಸಕ್ಕೂ ಬೇಡಿಕೆ, ಓದಿದವರ ಸಂಖ್ಯೆಯಲ್ಲಿ ಏರಿಕೆ ಇವು ಅವರು ಕೊಟ್ಟ ಕಾರಣಗಳು. ಹಳೆಯ ಗ್ಯಾಲಪ್ ಸಮೀಕ್ಷೆಗಳನ್ನು ಕೆದಕಿ ಹೆನ್ರಿ ಫಾರ್ಬರ್ ಮತ್ತು ಸಂಗಡಿಗರು 2021ರಲ್ಲಿ ಕಾರ್ಮಿಕ ಸಂಘಗಳ ಪಾತ್ರವನ್ನೇ ಮುಂದಿಟ್ಟರು. ರಾಬರ್ಟ್ ಗೋರ್ಡನ್ನನ ವಿವರಣೆ ಇದಕ್ಕಿಂತ ಹಿಂದಕ್ಕೆ ಹೋಗುತ್ತದೆ: ವಿದ್ಯುತ್ತು, ಮೋಟಾರು, ನಲ್ಲಿ ನೀರು, ರಸಾಯನಗಳಂಥ ಮಹಾನ್ ಆವಿಷ್ಕಾರಗಳ ಫಲ ಮನೆಮನೆಗೂ ತಲುಪಿದ್ದು ಈ ಹೊತ್ತಿನಲ್ಲಿ, ಅಂಥ ಫಸಲು ಮತ್ತೆ ಬರಲಿಕ್ಕಿಲ್ಲ. ಯೂರೋಪೂ ಜಪಾನೂ ಬೂದಿಯಾಗಿದ್ದರಿಂದ ಅಮೆರಿಕಕ್ಕೆ ಪೈಪೋಟಿಯೇ ಇರಲಿಲ್ಲ ಎಂಬ ಜನಪ್ರಿಯ ವಾದ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಆಗ ಅಮೆರಿಕದ ಉತ್ಪನ್ನದಲ್ಲಿ ರಫ್ತಿನ ಪಾಲು ತೀರ ಸಣ್ಣದು. ಜನ ಕೊಂಡದ್ದೂ ಮಾರಿದ್ದೂ ಬಹುಪಾಲು ತಮ್ಮತಮ್ಮಲ್ಲೇ. ಶ್ರೀಮಂತರ ಮೇಲಿನ 91 ಶೇಕಡ ತೆರಿಗೆಯನ್ನೂ ಎಚ್ಚರದಿಂದ ನೋಡಬೇಕು. ಆ ದರದ ವ್ಯಾಪ್ತಿಗೆ ಸಿಕ್ಕವರು ಬೆರಳೆಣಿಕೆಯವರು, ಆದರೆ ಅಂಥ ದರವೊಂದು ಇದ್ದದ್ದರಿಂದಲೇ ಕಂಪನಿಗಳು ಮೇಲಿನವರಿಗೆ ವಿಪರೀತ ಸಂಬಳ ಕೊಡುವ ಗೋಜಿಗೆ ಹೋಗಲಿಲ್ಲ ಎನ್ನುವವರಿದ್ದಾರೆ.

ಈ ಏರಿಕೆಯಲ್ಲಿ ರೈತರಿಗೆ ಪಾಲು ಸಿಗಲಿಲ್ಲ ಎಂಬುದನ್ನು ಬಹಳ ಸಮೀಕ್ಷೆಗಳು ಮರೆಯುತ್ತವೆ. ದಶಕದ ನಡುವೆ ಧಾನ್ಯ ಉಕ್ಕಿ ಬೆಲೆ ಕುಸಿದಿತ್ತು. ಹೊಲ ಪಾಳು ಬಿಟ್ಟರೆ ಹಣ ಕೊಡುವ ಯೋಜನೆ 1956ರಲ್ಲಿ ಬಂತು. ಉಗ್ರಾಣದಲ್ಲಿ ರಾಶಿ ಬಿದ್ದ ಧಾನ್ಯವನ್ನು ಹೊರದೇಶಗಳಿಗೆ ಸಾಗಿಸಲು 1954ರಲ್ಲಿ ಮಾಡಿದ ಕಾನೂನೇ ಪಿಎಲ್-480. 1956ರ ಆಗಸ್ಟಿನಲ್ಲಿ ಭಾರತ ಅದಕ್ಕೆ ಸಹಿ ಹಾಕಿತು. ನಮ್ಮ ನ್ಯಾಯಬೆಲೆ ಅಂಗಡಿಗಳಿಗೆ ಬಂದ ಅಮೆರಿಕದ ಗೋಧಿಯ ಹಿಂದೆ ಕಾನ್ಸಾಸಿನಂಥ ರಾಜ್ಯಗಳ ರೈತರ ಸಂಕಟವೂ ಇತ್ತು.

ಬೇಲಿಯ ಆಚೆ

ಮೂರನೆಯ ಚಿಂತನಧಾರೆ ಕೇಳುವ ಪ್ರಶ್ನೆ: ಬಡಾವಣೆಯೊಳಗೆ ಯಾರಿಗೆ ಪ್ರವೇಶವಿತ್ತು? ಕೆನೆತ್ ಜ್ಯಾಕ್ಸನ್‌ನ ‘ಕ್ರ್ಯಾಬ್‌ಗ್ರಾಸ್ ಫ್ರಂಟಿಯರ್’ (1985) ಇದಕ್ಕೆ ಅಡಿಪಾಯ. ಮೂವತ್ತರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಮಾಡಿಸಿ, ಕಪ್ಪು ಜನ ಇದ್ದ ಮೊಹಲ್ಲಾಗಳಿಗೆ ಕೆಂಪು ಬಳಿದು ಅಪಾಯಕಾರಿ ಎಂದು ಗುರುತಿಸಿತ್ತು. ಸಾಲಕ್ಕೆ ಖಾತರಿ ಕೊಡುವ ಕೇಂದ್ರ ಸಂಸ್ಥೆಯೂ ಅದೇ ಕಣ್ಣಿನಿಂದ ಊರುಗಳನ್ನು ನೋಡಿತು. ಲೆವಿಟ್‌ಟೌನಿನ ಮೊದಮೊದಲ ಕರಾರುಗಳಲ್ಲಿ ಬಿಳಿಯರಲ್ಲದವರು ವಾಸಿಸಕೂಡದು ಎಂದು ಬರೆದಿತ್ತು. ಇಂಥ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡಿಸಕೂಡದು ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದಲ್ಲಿದ್ದ ವಾಕ್ಯ ಹೋದರೂ ಮಾರಾಟದ ರೂಢಿ ಹೋಗಲಿಲ್ಲ. 1957ರಲ್ಲಿ ಪೆನ್ಸಿಲ್ವೇನಿಯಾದ ಲೆವಿಟ್‌ಟೌನಿಗೆ ಮೊದಲ ಕಪ್ಪು ಕುಟುಂಬ ಬಂದಾಗ ಜನ ಗುಂಪುಗೂಡಿ ಕಲ್ಲೆಸೆದರು. ರಾಜ್ಯದ ಪೊಲೀಸರು ಬರಬೇಕಾಯಿತು.

ಐರಾ ಕಟ್ಸ್‌ನೆಲ್ಸನ್ 2005ರಲ್ಲಿ ಮುಂದಿಟ್ಟ ಒಂದು ಅಂಕಿ ನನ್ನನ್ನು ಬಹುವಾಗಿ ಕಾಡಿದೆ. 1947ರಲ್ಲಿ ಮಿಸಿಸಿಪ್ಪಿಯ ಹದಿಮೂರು ಊರುಗಳಲ್ಲಿ ನಡೆದ ಸಮೀಕ್ಷೆಯಂತೆ, ಮಾಜಿ ಸೈನಿಕರಿಗೆ ಸರ್ಕಾರದ ಖಾತರಿಯ ಮೇಲೆ ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ದಕ್ಕಿದ್ದು ಎರಡು. ಒಂದೇ ಯುದ್ಧದಲ್ಲಿ ಒಂದೇ ಸೈನ್ಯಕ್ಕಾಗಿ ಹೋರಾಡಿ ಬಂದವರು ಇವರು. ಮನೆಯೇ ಅಮೆರಿಕದ ಸಾಧಾರಣ ಕುಟುಂಬದ ಮುಖ್ಯ ಆಸ್ತಿ, ಮಕ್ಕಳ ಕಾಲೇಜಿಗೆ ಆಧಾರ, ಮೊಮ್ಮಕ್ಕಳಿಗೆ ಬಳುವಳಿ. ಅಂದು ಸಾಲ ನಿರಾಕರಿಸಿದ ಗುಮಾಸ್ತನ ಸಹಿ ಮೂರು ತಲೆಮಾರು ದಾಟಿ ಬಂದಿದೆ.

ಥಾಮಸ್ ಸುಗ್ರೂ 1996ರ ತನ್ನ ಪುಸ್ತಕದಲ್ಲಿ ಡೆಟ್ರಾಯ್ಟನ್ನು ಹಿಡಿದು ಇನ್ನೂ ಒಂದು ಮಾತು ಹೇಳಿದ. ನಗರ ಹಾಳಾದದ್ದು ಅರವತ್ತರ ಗಲಭೆಗಳಿಂದ ಎಂಬ ನಂಬಿಕೆಗೆ ಆಧಾರವಿಲ್ಲ. ಐವತ್ತರ ದಶಕದಲ್ಲಿ, ಎಲ್ಲರೂ ಸುಭಿಕ್ಷ ಎನ್ನುತ್ತಿದ್ದಾಗಲೇ, ಕಾರ್ಖಾನೆಗಳು ಊರು ಬಿಟ್ಟು ಹೊರಡಲು ಶುರುಮಾಡಿದ್ದವು. 1956ರ ಹೆದ್ದಾರಿ ಕಾನೂನು 41,000 ಮೈಲಿ ರಸ್ತೆಗೆ ಹಣ ಒದಗಿಸಿ, ಆ ಹೊರಹೋಗುವಿಕೆಗೆ ದಾರಿ ಮಾಡಿಕೊಟ್ಟಿತು.

ಕಪ್ಪು ಜನ ಈ ಬೇಲಿಯನ್ನು ಸುಮ್ಮನೆ ನೋಡುತ್ತ ಕೂತಿರಲಿಲ್ಲ. 1955ರ ಡಿಸೆಂಬರ್ 1ರಂದು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನವಾದ ಮೇಲೆ ಅಲಬಾಮದ ಮಾಂಟ್‌ಗೊಮರಿಯ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ಬಸ್ ಚಾರ್ಜು 10 ಸೆಂಟು. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಅವರೇ. ಬೆಳಗ್ಗೆ ಪರರ ಮನೆಯ ಪಾತ್ರೆ ತೊಳೆಯಲು ಮೈಲಿಗಟ್ಟಲೆ ನಡೆದ ಹೆಂಗಸರು ಆ ಹತ್ತು ಸೆಂಟನ್ನು ಕೊಡದೆ ಉಳಿಸಿಕೊಂಡದ್ದೇ ಬಸ್ ಕಂಪನಿಯ ಆದಾಯವನ್ನು ಮುರಿಯಿತು. ಬೆಲೆಗಳ ಚರಿತ್ರೆ ಬರೆಯುವವರು ಹ್ಯಾಂಬರ್ಗರಿನ ಪಕ್ಕದಲ್ಲಿ ಈ ಬಸ್ ಚಾರ್ಜನ್ನೂ ಬರೆಯಬೇಕು.

ಅಡುಗೆಮನೆಯ ಒಳಗೆ

ಅಂದಿನ ಅಮೆರಿಕದ ಹುಡುಗಿಯರು ಸರಾಸರಿ ಇಪ್ಪತ್ತಕ್ಕೆ ಮದುವೆಯಾಗುತ್ತಿದ್ದರು. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಿದ್ದವು. 1955ರ ಜೂನಿನಲ್ಲಿ ಆಡ್ಲೈ ಸ್ಟೀವನ್‌ಸನ್, ಅಧ್ಯಕ್ಷ ಪದವಿಗೆ ಎರಡು ಸಲ ಸ್ಪರ್ಧಿಸಿದ ಉದಾರವಾದಿ ನಾಯಕ, ಸ್ಮಿತ್ ಕಾಲೇಜಿನ ಪದವೀಧರೆಯರಿಗೆ ಗೃಹಿಣಿಯಾಗಿ ಗಂಡನನ್ನು ತಿದ್ದುವುದೇ ದೇಶಸೇವೆ ಎಂಬ ಅರ್ಥದ ಭಾಷಣ ಮಾಡಿದ. ಅದೇ ಕಾಲೇಜಿನಲ್ಲಿ ಓದಿದ್ದ ಬೆಟ್ಟಿ ಫ್ರೀಡನ್ 1957ರಲ್ಲಿ ತನ್ನ ಸಹಪಾಠಿಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳಲ್ಲಿ ಕಂಡ ಬೇಗುದಿಯಿಂದ ‘ದ ಫೆಮಿನಿನ್ ಮಿಸ್ಟಿಕ್’ (1963) ಬರೆದಳು.

ಎಲೈನ್ ಟೈಲರ್ ಮೇ 1988ರಲ್ಲಿ ಇದನ್ನು ಶೀತಲ ಸಮರಕ್ಕೆ ಜೋಡಿಸಿದಳು. ಹೊರಗೆ ಕಮ್ಯುನಿಸಂ, ಅಣುಬಾಂಬು. ಒಳಗೆ ಭದ್ರವಾದ ಮನೆ. ಭಯವೇ ಜನರನ್ನು ಬೇಗ ಮದುವೆಯ ಕಡೆಗೆ ತಳ್ಳಿತು ಎಂಬುದು ಅವಳ ವಾದ. ಅದಕ್ಕೆ ಆಧಾರವಾಗಿ ಬಳಸಿದ್ದು ಮೂವತ್ತರ ದಶಕದಿಂದ 1955ರವರೆಗೆ ಒಂದೇ ದಂಪತಿಗಳನ್ನು ಮತ್ತೆಮತ್ತೆ ಪ್ರಶ್ನಿಸಿದ ದೀರ್ಘಾವಧಿಯ ಅಧ್ಯಯನವನ್ನು. ಸ್ಟೆಫನಿ ಕೂಂಟ್ಸ್ 1992ರಲ್ಲಿ, ನಾವು ಸಾಂಪ್ರದಾಯಿಕ ಎನ್ನುವ ಕುಟುಂಬ ಆ ಒಂದು ದಶಕದಲ್ಲಷ್ಟೇ ಕಂಡ ವಿಶೇಷ ಎಂದು ತೋರಿಸಿದಳು. ಹದಿಹರೆಯದ ತಾಯಂದಿರ ಪ್ರಮಾಣ ಅಮೆರಿಕದಲ್ಲಿ ತುತ್ತತುದಿ ಮುಟ್ಟಿದ್ದು 1957ರಲ್ಲಿ; ಅವರಲ್ಲಿ ಬಹಳ ಮಂದಿ ಅವಸರದಲ್ಲಿ ಮದುವೆಯಾದವರಾದ್ದರಿಂದ ಅದು ಸಮಸ್ಯೆಯಾಗಿ ಕಾಣಲಿಲ್ಲ.

ಜೋನ್ ಮೈಯರೊವಿಟ್ಸ್ ಮತ್ತು ಸಂಗಡಿಗರ ಆಕ್ಷೇಪಣೆ ಬೇರೆ. ಫ್ರೀಡನ್ ಬಿಡಿಸಿದ ಗೃಹಿಣಿ ಎಲ್ಲ ಹೆಂಗಸರ ಪ್ರತಿನಿಧಿಯಲ್ಲ. ಆಗಿನ ಜನಪ್ರಿಯ ಪತ್ರಿಕೆಗಳು ದುಡಿಯುವ, ಸಾಧಿಸುವ ಹೆಂಗಸರನ್ನು ಹೊಗಳಿಯೂ ಬರೆಯುತ್ತಿದ್ದವು. ಅಂಕಿಅಂಶ ಇವರ ಪರವಾಗಿದೆ. ಮದುವೆಯಾದ ಹೆಂಗಸರಲ್ಲಿ ಹೊರಗೆ ದುಡಿಯುವವರು 1950ರಲ್ಲಿ ಕಾಲು ಭಾಗಕ್ಕೂ ಕಡಿಮೆಯಿದ್ದರು, 1960ಕ್ಕೆ 30 ಶೇಕಡ ದಾಟಿದರು. ಮನೆಯಲ್ಲೇ ಇರಬೇಕೆಂಬ ಮಾತು ಜೋರಾಗಿದ್ದ ದಶಕದಲ್ಲೇ ಮನೆಯ ಹೊರಗೆ ಹೆಜ್ಜೆಯಿಡುವವರು ಹೆಚ್ಚಿದರು. ಒಬ್ಬನ ಸಂಬಳದಲ್ಲಿ ಮನೆ ನಡೆಯುತ್ತಿತ್ತು ಎಂಬ ನೆನಪಿಗೆ ಈ ಅಂಕಿ ಎದುರು ನಿಲ್ಲುತ್ತದೆ: ಟಿವಿಯ ಕಂತು, ಕಾರಿನ ಕಂತು ಕಟ್ಟಲು ಎಷ್ಟೋ ಮನೆಗಳಲ್ಲಿ ಎರಡನೆಯ ಸಂಬಳ ಬೇಕಾಗಿತ್ತು.

ರಾಕ್ ಅಂಡ್ ರೋಲ್ 1955ರಲ್ಲೇ ಏಕೆ

ಜನಪ್ರಿಯ ಸಂಸ್ಕೃತಿಯ ಬಗ್ಗೆ ಬಂದಿರುವ ವಿವರಣೆಗಳಲ್ಲಿ ನನಗೆ ತೀರ ಮೆಚ್ಚುಗೆಯಾದದ್ದು ಸಮಾಜಶಾಸ್ತ್ರಜ್ಞ ರಿಚರ್ಡ್ ಪೀಟರ್‌ಸನ್ 1990ರಲ್ಲಿ ಬರೆದ ಒಂದು ಲೇಖನ. ಅದರ ಶೀರ್ಷಿಕೆಯೇ ‘ವೈ 1955?’. ಯುದ್ಧದ ನಂತರ ಹುಟ್ಟಿದ ಮಕ್ಕಳು ಹೆಚ್ಚಿದ್ದರಿಂದ ರಾಕ್ ಸಂಗೀತ ಬಂತು ಎನ್ನುವವರಿಗೆ ಅವನ ಉತ್ತರ ಸರಳ: 1955ರಲ್ಲಿ ಆ ಪೀಳಿಗೆಯ ಹಿರಿಯ ಮಕ್ಕಳಿಗೇ ಒಂಬತ್ತು ವರ್ಷ. ಎಲ್ವಿಸ್ ಪ್ರೆಸ್ಲಿ, ಚಕ್ ಬೆರಿ, ಲಿಟಲ್ ರಿಚರ್ಡರ ಪ್ರತಿಭೆಯಿಂದ ಬಂತು ಎನ್ನುವವರಿಗೆ, ಪ್ರತಿಭೆ ಎಲ್ಲ ಕಾಲದಲ್ಲೂ ಇರುತ್ತದೆ, ಅದಕ್ಕೆ ಬಾಗಿಲು ತೆರೆದದ್ದು ಯಾರು ಎಂದು ಕೇಳುತ್ತಾನೆ.

ಬಾಗಿಲುಗಳು ಒಂದೊಂದಾಗಿ ತೆರೆದವು. ಯುದ್ಧ ಮುಗಿದ ಮೇಲೆ ಸಂಪರ್ಕ ಆಯೋಗ ಧಾರಾಳವಾಗಿ ಪರವಾನಗಿ ಕೊಟ್ಟಿದ್ದರಿಂದ ರೇಡಿಯೊ ಕೇಂದ್ರಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ದುಪ್ಪಟ್ಟು ಮೀರಿತು. ಅದೇ ಹೊತ್ತಿಗೆ ಟಿವಿ ಬಂದು, ರಾಷ್ಟ್ರವ್ಯಾಪಿ ಜಾಲಗಳ ನಾಟಕ, ಹಾಸ್ಯ, ಜಾಹೀರಾತುಗಳನ್ನೆಲ್ಲ ತನ್ನ ಕಡೆ ಸೆಳೆದುಕೊಂಡಿತು. 1950ರಲ್ಲಿ ನೂರಕ್ಕೆ ಒಂಬತ್ತು ಮನೆಗಳಲ್ಲಿದ್ದ ಟಿವಿ 1955ರ ಹೊತ್ತಿಗೆ ಮೂರರಲ್ಲಿ ಎರಡು ಮನೆಗಳಲ್ಲಿತ್ತು. ಬರಿದಾದ ಸ್ಥಳೀಯ ರೇಡಿಯೊಗಳಿಗೆ ಸಮಯ ತುಂಬಲು ಅಗ್ಗದ ಸರಕು ಬೇಕಾಯಿತು. ಗ್ರಾಮಫೋನ್ ಪ್ಲೇಟಿಗಿಂತ ಅಗ್ಗದ್ದೇನಿದೆ? 1949ರಲ್ಲಿ ಬಂದಿದ್ದ 45 ಸುತ್ತಿನ ಪ್ಲೇಟು ಹಗುರ, ಬಿದ್ದರೆ ಒಡೆಯದು, ಅಂಚೆಯಲ್ಲೂ ಕಳಿಸಬಹುದು. ಹೀಗಾಗಿ ಮೆಂಫಿಸ್‌ನ ಸನ್, ಷಿಕಾಗೊದ ಚೆಸ್‌ನಂಥ ಪುಟ್ಟ ಕಂಪನಿಗಳೂ ದೇಶದ ತುಂಬ ತಮ್ಮ ಪ್ಲೇಟು ಹಂಚಬಹುದಾಯಿತು. ಹಾಡಿನ ಹಕ್ಕು ನೋಡಿಕೊಳ್ಳುತ್ತಿದ್ದ ಹಳೆಯ ಸಂಸ್ಥೆಯ ಏಕಸ್ವಾಮ್ಯಕ್ಕೆ ಎದುರಾಗಿ ರೇಡಿಯೊದವರೇ 1939ರಲ್ಲಿ ಬಿಎಂಐ ಕಟ್ಟಿದ್ದರಿಂದ, ಬ್ಲೂಸ್ ಮತ್ತು ಹಳ್ಳಿಗಾಡಿನ ಹಾಡುಗಾರರಿಗೂ ಗೌರವಧನ ಸಿಗುವ ದಾರಿಯಾಯಿತು. 1954ರ ಕೊನೆಯಲ್ಲಿ 49.95 ಡಾಲರಿಗೆ ಬಂದ ರೀಜೆನ್ಸಿ ಟ್ರಾನ್ಸಿಸ್ಟರ್ ರೇಡಿಯೊ ಜೇಬಿಗಿಳಿಯಿತು. ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ 1954ರಲ್ಲಿ ಮುದ್ರಣವಾದಾಗ ಹೆಚ್ಚೇನೂ ಹೆಸರು ಮಾಡಲಿಲ್ಲ. ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಸಿನಿಮಾದಲ್ಲಿ ಕೇಳಿಬಂದ ಮೇಲೆ 1955ರ ಜುಲೈನಲ್ಲಿ ಮೊದಲ ಸ್ಥಾನಕ್ಕೇರಿತು.

ಪೀಟರ್‌ಸನ್‌ನ ವಿವರಣೆ ಬಾಗಿಲನ್ನು ವಿವರಿಸುತ್ತದೆ, ಒಳಗೆ ಬಂದವರ ದುಡಿಮೆಯ ಫಲ ಯಾರಿಗೆ ಸಿಕ್ಕಿತು ಎಂಬುದನ್ನು ಪೂರ್ತಿ ವಿವರಿಸುವುದಿಲ್ಲ. ಲಿಟಲ್ ರಿಚರ್ಡ್ ಹಾಡಿದ ‘ಟುಟ್ಟಿ ಫ್ರುಟ್ಟಿ’ಯನ್ನು ಬಿಳಿಯ ಗಾಯಕ ಪ್ಯಾಟ್ ಬೂನ್ ಮತ್ತೆ ಹಾಡಿ, ಜನಪ್ರಿಯತೆಯ ಪಟ್ಟಿಯಲ್ಲಿ ಮೂಲದವನಿಗಿಂತ ಮೇಲೇರಿದ. ಚಕ್ ಬೆರಿಯ ‘ಮೇಬಲೀನ್’ ಹಾಡಿನ ಕರ್ತೃಗಳ ಸಾಲಿನಲ್ಲಿ ರೇಡಿಯೊ ನಿರೂಪಕ ಅಲನ್ ಫ್ರೀಡ್ ಹೆಸರೂ ಸೇರಿಕೊಂಡಿತು. ಈ ಸಂಗೀತ ವರ್ಣದ ಗೋಡೆ ಒಡೆಯಿತು ಎನ್ನುವ ಇತಿಹಾಸಕಾರರೂ, ಕಪ್ಪು ಜನರ ಸಂಪತ್ತನ್ನು ಬಿಳಿಯರ ಪೆಟ್ಟಿಗೆಗೆ ಸಾಗಿಸಿತು ಎನ್ನುವವರೂ ಇದ್ದಾರೆ. ಎರಡೂ ಒಂದೇ ಸಂಜೆಯ ಒಂದೇ ನೃತ್ಯಶಾಲೆಯಲ್ಲಿ ನಡೆಯುತ್ತಿತ್ತು ಎಂದೇ ನನ್ನ ಎಣಿಕೆ.

ಸುದ್ದಿ ಯಾರ ಮನೆಯನ್ನು ತಲುಪಿತು

ಟಿವಿಯ ಸಂಜೆಯ ವಾರ್ತೆ ಆಗ ಹದಿನೈದೇ ನಿಮಿಷ. ದಿನಪತ್ರಿಕೆಗಳು ಐದೂವರೆ ಕೋಟಿಗೂ ಹೆಚ್ಚು ಪ್ರತಿ ಹೋಗುತ್ತಿದ್ದವು, ಅಂದರೆ ಮನೆಗಳ ಸಂಖ್ಯೆಗಿಂತ ಹೆಚ್ಚು. ಇಡೀ ದೇಶ ಒಂದೇ ಸುದ್ದಿ ಓದುತ್ತಿತ್ತು ಎಂಬ ಮಾತು ಹುಟ್ಟಿದ್ದು ಹೀಗೆ. 1955ರ ಏಪ್ರಿಲ್ 12ರ ಮಟ್ಟಿಗೆ ಅದು ನಿಜವೂ ಹೌದು. ಅಂದು ಜೋನಸ್ ಸಾಕ್‌ನ ಪೋಲಿಯೊ ಲಸಿಕೆ ಫಲಿಸಿದೆ ಎಂದು ಪ್ರಕಟವಾದಾಗ ಚರ್ಚುಗಳಲ್ಲಿ ಗಂಟೆ ಬಾರಿಸಿದರು. ಮೂರು ವರ್ಷದ ಹಿಂದೆ ಒಂದೇ ವರ್ಷದಲ್ಲಿ ಸುಮಾರು 58,000 ಜನರಿಗೆ ಆ ರೋಗ ತಗಲಿತ್ತು. ಕೆಲವೇ ವಾರಗಳಲ್ಲಿ ಒಂದು ಕಂಪನಿಯ ಲಸಿಕೆಯಲ್ಲಿ ಜೀವಂತ ವೈರಾಣು ಉಳಿದು ಮಕ್ಕಳು ಪಾರ್ಶ್ವವಾಯುವಿಗೆ ತುತ್ತಾದರೂ, ತಾಯಿತಂದೆಯರು ಮತ್ತೆ ಸಾಲುಗಟ್ಟಿ ನಿಂತರು. ಅಂಥ ನಂಬಿಕೆ ಎಲ್ಲಿಂದ ಬಂತು ಎಂಬುದು ಇಂದಿನ ಆರೋಗ್ಯ ಇಲಾಖೆಗಳು ಕೂತು ಯೋಚಿಸಬೇಕಾದ ವಿಷಯ.

ಆಗಸ್ಟಿನಲ್ಲಿ ಮಿಸಿಸಿಪ್ಪಿಯಲ್ಲಿ ಹದಿನಾಲ್ಕು ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ಕೊಲೆಯಾಯಿತು. ಅವನ ತಾಯಿ ಷಿಕಾಗೊದಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆರೆದಿಡಿಸಿದಳು. ಆ ಮುಖದ ಚಿತ್ರ ‘ಜೆಟ್’ ಮುಂತಾದ ಕಪ್ಪು ಜನರ ಪತ್ರಿಕೆಗಳಲ್ಲಿ ಬಂತು, ದೊಡ್ಡ ಬಿಳಿಯ ಪತ್ರಿಕೆಗಳಲ್ಲಿ ಬರಲಿಲ್ಲ. ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಟ್ಟಿತು. 1956ರ ಆರಂಭದಲ್ಲಿ ‘ಲುಕ್’ ಪತ್ರಿಕೆ ಹಣ ಕೊಟ್ಟು ಅವರ ತಪ್ಪೊಪ್ಪಿಗೆಯನ್ನೇ ಅಚ್ಚು ಹಾಕಿತು. ಒಂದೇ ವಾರದಲ್ಲಿ ಎರಡು ಅಮೆರಿಕಗಳು ಎರಡು ಬೇರೆ ಚಿತ್ರಗಳನ್ನು ನೋಡುತ್ತಿದ್ದವು.

ಹೊರಗಿನವರ ಕಣ್ಣಿಗೂ ಈ ಕಾಲ ಬಿದ್ದಿದೆ. ಮೈಸೂರಿನ ಆರ್.ಕೆ. ನಾರಾಯಣ್ 1956ರಲ್ಲಿ ಅಮೆರಿಕಕ್ಕೆ ಹೋಗಿ, ಬರ್ಕ್‌ಲಿಯ ಹೋಟೆಲ್ ಕೋಣೆಯಲ್ಲಿ ಕೂತು ‘ದ ಗೈಡ್’ ಬರೆದರು. ಅವರ ಪ್ರವಾಸದ ದಿನಚರಿಯಲ್ಲಿ ಕೆಫೆಟೀರಿಯಾ, ಕಾಫಿ, ಸಸ್ಯಾಹಾರಿಯ ಪರದಾಟಗಳ ನಡುವೆ ದಿನನಿತ್ಯದ ಅಮೆರಿಕ ಹತ್ತಿರದಿಂದ ಕಾಣುತ್ತದೆ. ಆಗ ಭಾರತದಿಂದ ವಲಸೆ ಹೋಗಲು ವರ್ಷಕ್ಕೆ ನೂರು ಜನಕ್ಕಷ್ಟೇ ಅವಕಾಶ. ಆದರೂ 1956ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದರನ್ನು ಸಂಸತ್ತಿಗೆ ಕಳಿಸಿದರು. ಆ ಕಾಲವನ್ನು ಒಂದೇ ಬಣ್ಣದಲ್ಲಿ ಬಳಿಯಲು ಹೊರಟ ಪ್ರತಿಯೊಬ್ಬರಿಗೂ ಇಂಥ ಸಂಗತಿಗಳು ಅಡ್ಡ ಬರುತ್ತವೆ.

ನೆನಪಿನ ತಯಾರಿಕೆ

ಈಗ ನಮ್ಮ ಮನಸ್ಸಿನಲ್ಲಿರುವ ಐವತ್ತರ ದಶಕವನ್ನು ಬಹುಮಟ್ಟಿಗೆ ಎಪ್ಪತ್ತರ ದಶಕ ತಯಾರಿಸಿತು. ವಿಯೆಟ್ನಾಂ, ವಾಟರ್‌ಗೇಟ್, ಪೆಟ್ರೋಲ್ ಬಿಕ್ಕಟ್ಟುಗಳ ನಡುವೆ 1974ರಲ್ಲಿ ‘ಹ್ಯಾಪಿ ಡೇಸ್’ ಧಾರಾವಾಹಿ ಶುರುವಾಯಿತು, 1978ರಲ್ಲಿ ‘ಗ್ರೀಸ್’ ಸಿನಿಮಾ ಬಂತು. 1985ರ ‘ಬ್ಯಾಕ್ ಟು ದ ಫ್ಯೂಚರ್’ ತನ್ನ ನಾಯಕನನ್ನು ನೇರವಾಗಿ 1955ರ ನವೆಂಬರ್ 5ಕ್ಕೇ ಕಳಿಸಿತು. ಬಲಪಂಥೀಯರು ಆ ಕಾಲದಲ್ಲಿ ಕುಟುಂಬವನ್ನೂ ದೇವಭಕ್ತಿಯನ್ನೂ ನೆನೆಯುತ್ತಾರೆ. ಎಡಪಂಥೀಯರು ಕಾರ್ಮಿಕ ಸಂಘವನ್ನೂ ತೆರಿಗೆಯನ್ನೂ ನೆನೆಯುತ್ತಾರೆ. ಪಾಲ್ ಕ್ರುಗ್‌ಮನ್‌ನಂಥ ಅರ್ಥಶಾಸ್ತ್ರಜ್ಞ 2007ರಲ್ಲಿ ತಾನು ಬೆಳೆದ ಸಮಾನತೆಯ ದೇಶವನ್ನು ಪ್ರೀತಿಯಿಂದ ಸ್ಮರಿಸಿದ. ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಹರಿದುಕೊಂಡರೆ ಚಿತ್ರ ಉಳಿಯುವುದಿಲ್ಲ. ಸಾಲದ ಖಾತರಿ, ಕೂಲಿಯ ಒಪ್ಪಂದ, ಒಬ್ಬನ ಸಂಬಳ, ಬಿಳಿಯ ಬಡಾವಣೆ ಇವೆಲ್ಲ ಒಂದೇ ಕಾನೂನು ಪುಸ್ತಕದ ಪುಟಗಳು. ಆ ಸಮೃದ್ಧಿ ತಾನಾಗಿ ಬಂದದ್ದಲ್ಲ. ಸರ್ಕಾರ ಕೂತು ಕಟ್ಟಿದ್ದು. ಬೇಲಿಯನ್ನೂ ಅದೇ ಕೈ ಕಟ್ಟಿತು.

ತೀರ್ಮಾನವಾಗದೆ ಉಳಿದದ್ದು

ಕೆಲವು ಜಗಳಗಳು ಮುಗಿದಿವೆ. ಬಡತನ ವ್ಯಾಪಕವಾಗಿತ್ತು ಎಂಬುದನ್ನೂ, ಗೃಹಸಾಲದಲ್ಲಿ ವರ್ಣಭೇದವಿತ್ತು ಎಂಬುದನ್ನೂ ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೆಂಪು ಬಳಿದ ನಕ್ಷೆಗಳೇ ಮೊಹಲ್ಲಾಗಳನ್ನು ಮುಳುಗಿಸಿದವೋ, ಆಗಲೇ ಮುಳುಗುತ್ತಿದ್ದವನ್ನು ಅವು ದಾಖಲಿಸಿದವೋ ಎಂಬುದರ ಬಗ್ಗೆ ಸಂಶೋಧಕರ ನಡುವೆ ಈಗಲೂ ತಿಕ್ಕಾಟವಿದೆ. ಆದಾಯದ ಅಸಮಾನತೆ ಎಷ್ಟು ಕಡಿಮೆಯಿತ್ತು ಎಂಬುದೂ ತೆರಿಗೆ ದಾಖಲೆಯನ್ನು ಓದುವ ರೀತಿಯ ಮೇಲೆ ನಿಂತಿದೆ. ಬೇಗ ಮದುವೆಯಾದ ಹುಡುಗಿಯರು ಭಯದಿಂದ ಆದರೋ, ಕೈಯಲ್ಲಿ ದುಡ್ಡಿತ್ತೆಂದು ಆದರೋ? ಮೇ ಬಳಸಿದ ಅಧ್ಯಯನದಲ್ಲಿದ್ದವರು ಬಹುಪಾಲು ಬಿಳಿಯ, ಓದಿದ ದಂಪತಿಗಳು. ಉಳಿದವರ ಮನಸ್ಸನ್ನು ಹೇಳುವ ದಾಖಲೆ ತೆಳು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇಲಿಗೂ ಬೆಳೆಗೂ ಇದ್ದ ಸಂಬಂಧದ್ದು. 1964ರ ನಾಗರಿಕ ಹಕ್ಕು ಕಾನೂನು, 1968ರ ವಸತಿ ಕಾನೂನು ಬಂದು ಬಾಗಿಲು ತೆರೆಯತೊಡಗಿದ ಕೆಲವೇ ವರ್ಷಗಳಲ್ಲಿ, ಎಪ್ಪತ್ತರ ದಶಕದಲ್ಲಿ, ಕೂಲಿ ನಿಂತ ನೀರಾಯಿತು, ಕಾರ್ಮಿಕ ಸಂಘಗಳು ಸೊರಗಿದವು, ಅಂತರ ಮತ್ತೆ ಹಿಗ್ಗತೊಡಗಿತು. ತೈಲದ ಬೆಲೆ, ಯಂತ್ರ, ವಿದೇಶಿ ಪೈಪೋಟಿಗಳೇ ಇದಕ್ಕೆ ಕಾರಣ, ಕಾಲ ಕೂಡಿಬಂದದ್ದು ಆಕಸ್ಮಿಕ ಎಂದು ಒಂದು ಗುಂಪಿನ ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಸೌಲಭ್ಯ ಎಲ್ಲರಿಗೂ ಸಿಗುತ್ತದೆ ಎಂದಾದಾಗ ಬಿಳಿಯ ಮತದಾರರು ಆ ಸೌಲಭ್ಯಗಳಿಗೇ ಬೆನ್ನು ತಿರುಗಿಸಿದರು ಎಂದು ರಾಜಕೀಯ ಚರಿತ್ರೆ ಬರೆಯುವ ಹಲವರು ಹೇಳುತ್ತಾರೆ. ಮೊದಲನೆಯ ಉತ್ತರ ಸರಿಯಾದರೆ 1955ರ ಒಳಿತನ್ನು ಬೇಲಿಯಿಲ್ಲದೆ ಮತ್ತೆ ಕಟ್ಟಲು ಸಾಧ್ಯವಿದೆ. ಎರಡನೆಯದು ಸರಿಯಾದರೆ, ಅದನ್ನು ಮತ್ತೆ ಕಟ್ಟುವ ಮೊದಲು ಯಾರ ಮನಸ್ಸನ್ನು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂಬುದಕ್ಕೆ ಎರಡೂ ಪಕ್ಷಗಳ ಪುಸ್ತಕಗಳಲ್ಲಿ ಇನ್ನೂ ಉತ್ತರ ಬರೆದಿಲ್ಲ.